ನೀರಿನ ಮಟ್ಟ ನೋಡಿಕೊಂಡು ಕೊಲೆ ಬರೆದೆ

ಅಣೆಕಟ್ಟಿನ ನೀರಿನ ಮಟ್ಟವನ್ನೇ ಗಡಿಯಾರ ಮಾಡಿಕೊಂಡು ಪತ್ತೇದಾರಿ ಕಾದಂಬರಿ ಬರೆಯುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಒಬ್ಬ ಸಂಪಾದಕರು ಫೋನಿನಲ್ಲೇ ಹೇಳಿಬಿಟ್ಟರು: "ಓದುಗರಿಗೆ ಬೆಂಗಳೂರು ಬೇಕು, ಸಿಸಿಟಿವಿ ಬೇಕು, ಸೈಬರ್ ಕ್ರೈಮ್ ಬೇಕು. ನಿಮ್ಮ ತೋಟ, ಹೊಳೆ ಯಾರಿಗೆ ಬೇಕು ಸ್ವಾಮಿ?" ಈಗ ಆ ಪುಸ್ತಕ ಅಚ್ಚಾಗಿದೆ. ಹಾಕಿದ ದುಡ್ಡು ವಾಪಸ್ ಬಂದು, ಮೇಲೆ ಸ್ವಲ್ಪ ಉಳಿದೂ ಇದೆ. ಹಾಗಾಗಿ ಅದನ್ನು ಬರೆದ ಕಥೆ ಹೇಳುವ ಧೈರ್ಯ ಬಂತು.

ನಾನಿರುವುದು ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಅಂಚಿನಲ್ಲಿ. ಒಂದಿಷ್ಟು ಅಡಿಕೆ ತೋಟ, ಉಳಿದ ಹೊತ್ತಿನಲ್ಲಿ ಕೊಲೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಪೂರ್ತಿ ತುಂಬಿದರೆ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಬೇಸಿಗೆ ಕೊನೆಗೆ 1750ರ ಆಸುಪಾಸಿಗೆ ಇಳಿಯುವುದೂ ಉಂಟು. ಶಿವಮೊಗ್ಗ ಕಡೆಯ ಪತ್ರಿಕೆ ಓದುವವರಿಗೆ ಗೊತ್ತು, ಮಳೆಗಾಲದಲ್ಲಿ ಈ ಮಟ್ಟದ ಅಂಕಿ ದಿನಾ ಬರುತ್ತದೆ. ನಾವು ಅಡಿಕೆ ಧಾರಣೆ ನೋಡುವ ಕಣ್ಣಲ್ಲೇ ಅದನ್ನೂ ನೋಡುತ್ತೇವೆ.

ನನ್ನ ಕಥೆಯ ಬೀಜ ಇಷ್ಟೇ. ಹೊರಗಿನಿಂದ ಬಂದವನಿಗೆ ಇದು ದೊಡ್ಡ ಕೆರೆ. ಊರಿನವನಿಗೆ ಇದು ಮುಳುಗಿದ ಊರು, ವರ್ಷಕ್ಕೊಮ್ಮೆ ಮೇಲೆ ಬರುವ ಊರು. ನವೆಂಬರಿನಲ್ಲಿ ತುಂಬಿದ ನೀರಿಗೆ ಏನಾದರೂ ಎಸೆದವನು ಹೊರಗಿನವನಾದರೆ ಕೆಲಸ ಮುಗಿಯಿತು ಅಂದುಕೊಂಡು ಹೋಗುತ್ತಾನೆ. ಊರಿನವನು ಹಾಗೆ ಮಾಡಲ್ಲ. ಮಾರ್ಚ್‌ನಲ್ಲಿ ಅಲ್ಲಿ ದನ ಮೇಯುತ್ತವೆ ಅಂತ ಅವನಿಗೆ ಗೊತ್ತು. ಅವನು ಹಳೇ ಹೊಳೆಯ ಪಾತ್ರ ಹುಡುಕಿಕೊಂಡು ಹೋಗುತ್ತಾನೆ, ಅದು ಒಣಗಲ್ಲ. ಅಂದರೆ ಹೆಣ ಸಿಕ್ಕ ಜಾಗವೇ ಕೊಂದವನು ಯಾರ ಪೈಕಿ ಅಂತ ಹೇಳುತ್ತದೆ. ಇದನ್ನು ಕೊನೆಗೆ ಒಂದು ಸಲ ತಿರುಗಿಸಿ ಹಾಕಿದ್ದೇನೆ. ಹೇಗೆ ಅಂತ ಕೇಳಬೇಡಿ, ಪುಸ್ತಕ ಇನ್ನೂ ಮಾರಾಟದಲ್ಲಿದೆ.

ಇದಕ್ಕೆ ಲೆಕ್ಕ ಬೇಕಿತ್ತು. ಡಿಸೆಂಬರಿನಲ್ಲಿ ನೀರಿನ ಅಂಚಿಗೆ ಒಂದು ಗೂಟ ಹೊಡೆದೆ. ಅಡಿಕೆ ದಬ್ಬೆಯದೇ ಗೂಟ, ತಲೆಗೆ ಕೆಂಪು ಬಣ್ಣ. ವಾರಕ್ಕೊಮ್ಮೆ ಹೋಗಿ ಹೊಸ ಅಂಚಿಗೆ ಇನ್ನೊಂದು. ದಿಬ್ಬ ಕಡಿದಾಗಿದ್ದ ಕಡೆ ವಾರಕ್ಕೆ ನಾಲ್ಕೈದು ಹೆಜ್ಜೆ ಸರಿದರೆ ಜಾಸ್ತಿ. ಹಳೇ ಗದ್ದೆ ಬಯಲಿದ್ದ ಕಡೆ ಅದೇ ವಾರದಲ್ಲಿ ಐವತ್ತು ಅರವತ್ತು ಹೆಜ್ಜೆ! ಮಟ್ಟ ಇಳಿದದ್ದು ಎರಡೂ ಕಡೆ ಒಂದೇ, ಎರಡು ಅಡಿ ಆಸುಪಾಸು. ಇಲ್ಲಿ ನೆಲ ಚಪ್ಪಟೆ, ಅಷ್ಟೇ. ಆ ಕೆಸರಿನಲ್ಲಿ ಮೊದಲು ಕಾಣುವುದು ಮರದ ಬೊಡ್ಡೆ. ಆಮೇಲೆ ಗದ್ದೆಯ ಅಂಚು, ಆಮೇಲೆ ಕಲ್ಲು ಕಟ್ಟಿದ ಬಾವಿಯ ಬಾಯಿ. ಬಾವಿ ನೋಡಿದ ದಿನವೇ ಐದನೇ ಅಧ್ಯಾಯ ಹುಟ್ಟಿತು. ಹಿನ್ನೀರು ದಾಟಿಸುವ ಲಾಂಚಿನಲ್ಲಿ ಕೆಲಸ ಮಾಡುವವರೊಬ್ಬರು ದೂರದಿಂದ ಕೂಗಿದರು, "ಏನ್ ಮಾರಾಯ್ರೇ, ಜಾಗ ಬಗರ್‌ಹುಕುಂ ಮಾಡ್ಕೊಳ್ತೀರಾ?" ಅದೂ ಕಾದಂಬರಿಗೆ ಬಂತು.

ಮೊದಲ ಸಲ ಕಥೆ ಕೂರಲೇ ಇಲ್ಲ. 2023ರ ಇಸವಿ ಇಟ್ಟುಕೊಂಡು ಅರ್ಧ ಬರೆದಿದ್ದೆ. ಆ ವರ್ಷ ಬರ, ಅಣೆಕಟ್ಟು ತುಂಬಲೇ ಇಲ್ಲ. ನಾನು ಹೆಣ ಮುಳುಗಿಸಬೇಕು ಅಂತಿದ್ದ ಜಾಗ ಆ ಸಲ ನೀರನ್ನೇ ನೋಡಲಿಲ್ಲ. ಮಟ್ಟ ಸುಮ್ನೆ ಕಲ್ಪಿಸಿಕೊಳ್ಳಬಹುದಿತ್ತು. ಆದರೆ ಊರಿನ ಓದುಗ ಬಿಡಲ್ಲ. ಯಾವ ವರ್ಷ ನೀರು ಎಲ್ಲಿಗೆ ಬಂದಿತ್ತು ಅಂತ ಇಲ್ಲಿ ದನ ಕಾಯುವ ಹುಡುಗನಿಗೂ ನೆನಪಿರುತ್ತದೆ. ಎಂಬತ್ತು ತೊಂಬತ್ತು ಪುಟ ಹಾಗೇ ಒಲೆ ಹೊತ್ತಿಸಲು ಹೋಯಿತು. 2024ರ ಆಗಸ್ಟ್‌ನಲ್ಲಿ ಗೇಟ್ ಎತ್ತಿದರು. ಆಗ ನನ್ನಷ್ಟು ಖುಷಿಪಟ್ಟವರು ವಿದ್ಯುತ್ ಇಲಾಖೆಯಲ್ಲೂ ಇರಲಿಲ್ಲವೇನೋ.

ಎರಡನೇ ಪೆಟ್ಟು ಸೇತುವೆಯಿಂದ. ನನ್ನ ಕಥೆ ನಿಂತದ್ದೇ ಸಂಜೆಯ ಕೊನೇ ಲಾಂಚ್ ಮೇಲೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಕೊನೇ ಲಾಂಚ್ ಹೋದ ಮೇಲೆ ತುಮರಿ ಕಡೆಯಿಂದ ಸಾಗರಕ್ಕೆ ಬರಬೇಕಾದರೆ ನಿಟ್ಟೂರು, ಹೊಸನಗರ ಸುತ್ತಬೇಕು. ಬಾಗಿಲು ಹಾಕಿದ ಕೋಣೆಯ ಕೊಲೆ ಬರೆಯುವವರಿಗೆ ಇದಕ್ಕಿಂತ ಒಳ್ಳೇ ಕೋಣೆ ಎಲ್ಲಿ ಸಿಗುತ್ತದೆ? ಆದರೆ 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ, ಮೂರು ನಿಮಿಷದಲ್ಲಿ ಆಚೆ ದಡ. ಊರಿಗೆ ಹಬ್ಬ. ಹೆರಿಗೆ ನೋವಿನಲ್ಲಿ ಲಾಂಚ್ ಕಾದವರಿಗೆ ಅದರ ಬೆಲೆ ಗೊತ್ತು, ನಾನೂ ಹೋಗಿ ಚಪ್ಪಾಳೆ ತಟ್ಟಿ ಬಂದೆ. ಮನೆಗೆ ಬಂದು ಹಸ್ತಪ್ರತಿ ನೋಡಿದರೆ ಎದೆ ಧಸಕ್ಕೆಂದಿತು. ಗೆಳೆಯರು ಕಥೆಯನ್ನು ಹಸಿರುಮಕ್ಕಿಗೆ ಸಾಗಿಸು, ಅಲ್ಲಿ ಲಾಂಚ್ ಇದೆಯಲ್ಲ ಅಂದರು. ಅಲ್ಲಿ ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚೇ ನಿಲ್ಲುತ್ತದೆ, ನನ್ನ ಕಥೆ ಬೇಸಿಗೆಯದು. ಕೊನೆಗೆ ಮಾಡಿದ್ದು ಒಂದೇ ಕೆಲಸ, ಮೊದಲ ಪುಟದಲ್ಲಿ ಇಸವಿ ಹಾಕಿದೆ. 2024ರ ನವೆಂಬರಿನಿಂದ 2025ರ ಮೇವರೆಗೆ. ಸೇತುವೆ ಇಲ್ಲದ ಕೊನೇ ಬೇಸಿಗೆ. ಕಂಬಗಳು ಎದ್ದು ನಿಂತಿವೆ, ರಸ್ತೆ ಇನ್ನೂ ಬಿಟ್ಟಿಲ್ಲ. ಅದರಿಂದ ಕಥೆಗೆ ಬಂದ ಬಿರುಸು ನಾನು ಯೋಚಿಸಿ ತಂದದ್ದಲ್ಲ, ಆದರೆ ಹೊಗಳಿಕೆ ಬಂದಾಗ ಬೇಡ ಅನ್ನಲಿಲ್ಲ.

ಒಂದು ತೊಡಕು ತಾನಾಗಿಯೇ ಬಿಡಿಸಿಕೊಂಡಿತು. ನೀರು ಇಳಿದು ಬಯಲಾದ ಜಾಗಕ್ಕೆ ವಾರಗಟ್ಟಲೆ ಯಾಕೆ ಯಾರೂ ಹೋಗಲಿಲ್ಲ? ಓದುಗ ಕೇಳಿಯೇ ಕೇಳುತ್ತಾನೆ. ಉತ್ತರ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡದ್ದು, 2018–19ರಲ್ಲಿ ನಮ್ಮ ಅರಳಗೋಡಿನ ಕಡೆ ಜೀವ ತೆಗೆದದ್ದು. ಡಿಸೆಂಬರಿನಿಂದ ಮೇ ತನಕ ಅದರ ಕಾಲ, ನೀರು ಇಳಿಯುವುದೂ ಅದೇ ಕಾಲ. ಕಾಡಂಚಿನಲ್ಲಿ ಮಂಗ ಸತ್ತು ಬಿದ್ದರೆ ಆ ಕಡೆ ದನ ಹೊಡೆಯುವುದನ್ನೂ ಬಿಡುತ್ತಾರೆ. ಹೋಗಲೇಬೇಕಾದವರು ಉಣುಗು ಕಚ್ಚದಂತೆ ಕೈಕಾಲಿಗೆ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ನಾನು ಇಟ್ಟುಕೊಂಡದ್ದು ಆ ಭಯವನ್ನು ಮಾತ್ರ. ಕಾಯಿಲೆಯಿಂದ ಸತ್ತವರನ್ನು ಕಥೆಗೆ ಎಳೆಯಲಿಲ್ಲ. ಅವರ ಮನೆಯವರು ದಿನಾ ಎದುರು ಸಿಗುತ್ತಾರೆ, ಮುಖ ಹೇಗೆ ತೋರಿಸುವುದು?

ಊರಿನ ಸುದ್ದಿ ಬಳಸುವುದರ ಬಗ್ಗೆ ಕೆಲವರು ಕೇಳುತ್ತಾರೆ. ನನ್ನ ಕ್ರಮ ಏನೆಂದರೆ, ನಡೆದ ಘಟನೆಯನ್ನು ಮುಟ್ಟುವುದಿಲ್ಲ, ಆ ಹೊತ್ತಿಗೆ ಯಾರು ಎಲ್ಲಿದ್ದರು ಅನ್ನುವುದನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಬಯಲಾಟದ ರಾತ್ರಿ ಒಬ್ಬನನ್ನು ನೂರು ಜನ ನೋಡಿರುತ್ತಾರೆ. ಆದರೆ ಮೂರು ಗಂಟೆಗೆ ಆ ನೂರರಲ್ಲಿ ಎಂಬತ್ತು ಜನ ತೂಕಡಿಸುತ್ತಿರುತ್ತಾರೆ. ಬೆಳಿಗ್ಗೆ ಕೇಳಿದರೆ ಎಲ್ಲರೂ "ಇಡೀ ರಾತ್ರಿ ಇದ್ದ, ನಾನೇ ನೋಡಿದ್ದೇನೆ" ಅನ್ನುತ್ತಾರೆ. ಅವರು ಸುಳ್ಳು ಹೇಳುವುದಲ್ಲ, ನಿದ್ದೆ ಮಾಡಿದೆ ಅಂತ ಯಾರು ಒಪ್ಪಿಕೊಳ್ಳುತ್ತಾರೆ?

ಈ ಪುಸ್ತಕದಲ್ಲಿ ಬಯಲಾಟ ಬಿಟ್ಟು ಅಡಿಕೆ ಸುಲಿಯುವುದನ್ನು ಹಿಡಿದೆ. ನವೆಂಬರ್ ಅಂದರೆ ಸುಗ್ಗಿ. ರಾತ್ರಿ ಹನ್ನೊಂದು ಹನ್ನೆರಡರವರೆಗೂ ಮೆಟ್ಟುಗತ್ತಿ ಮುಂದೆ ಜನ ಕೂತಿರುತ್ತಾರೆ. ಈಗ ಯಂತ್ರ ಬಂದಿದೆ ನಿಜ, ಹಾಗಾಗಿ ಯಂತ್ರ ತರದ ಮನೆಯನ್ನೇ ಆರಿಸಿದೆ. ಸುಲಿದದ್ದಕ್ಕೆ ಡಬ್ಬದ ಲೆಕ್ಕದಲ್ಲಿ ಕೂಲಿ. ಯಾರು ಎಷ್ಟು ಡಬ್ಬ ಅಂತ ಯಜಮಾನ ಪುಸ್ತಕದಲ್ಲಿ ಬರೆದಿಡುತ್ತಾನೆ. ನೋಡಿ, ಪೊಲೀಸರಿಗೂ ಸಿಗದಂಥ ದಾಖಲೆ! ಜತೆಗೆ ಬೆರಳು. ಹಸಿ ಅಡಿಕೆ ಸುಲಿದವನ ಬೆರಳು ಕಪ್ಪಾಗುತ್ತದೆ, ಉಗುರಿನ ಸಂದಿಯಂತೂ ಕೇಳಲೇಬೇಡಿ. ಆ ಕಲೆ ಎಷ್ಟು ದಿನ ಇರುತ್ತದೆ ಅಂತ ಗೊತ್ತಾಗಬೇಕಿತ್ತು. ನಾನೇ ಕೂತು ಎರಡು ಡಬ್ಬ ಸುಲಿದು ಕೈ ನೋಡಿಕೊಂಡೆ. ಸೋಪು ಏನೂ ಮಾಡಲಿಲ್ಲ. ಸೀಮೆಎಣ್ಣೆ ವಾಸನೆ ಬಿಟ್ಟಿತು, ಕಲೆ ಬಿಡಲಿಲ್ಲ. ನಿಂಬೆಹಣ್ಣು, ಹುಣಸೆಹಣ್ಣು ಮಾತ್ರ ಸ್ವಲ್ಪ ತಿಳಿ ಮಾಡಿದವು. ಪೂರ್ತಿ ಹೋಗಲು ಹೆಚ್ಚುಕಮ್ಮಿ ಒಂದು ವಾರ. ಇನ್ನೊಂದು ವಸ್ತು ಹಚ್ಚಿದರೆ ಅರ್ಧ ಗಂಟೆಯಲ್ಲಿ ಕೈ ಬೆಳ್ಳಗಾಗುತ್ತದೆ. ಅದನ್ನು ಹೇಳುವುದಿಲ್ಲ, ಮುಂದಿನ ಪುಸ್ತಕಕ್ಕೆ ಬೇಕು. ಒಂದು ಮದುವೆ ಮನೆಯಲ್ಲಿ ಕಪ್ಪು ಕೈ ಕಂಡು ಅತ್ತೆ ಕೇಳಿದರು, "ಕಾದಂಬರಿ ದುಡ್ಡು ಸಾಲದೆ ಕೂಲಿಗೆ ಹೋಗ್ತಿದ್ದೀಯಾ ತಮಾ?"

ಇನ್ನೊಂದು ಪ್ರಯೋಗ ಸುಮ್ನೆ ಚಟಕ್ಕೆ ಮಾಡಿದ್ದು. ರಾತ್ರಿ ನೀರಿನ ಮೇಲೆ ಮಾತು ದೂರ ಕೇಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಗೆಳೆಯನನ್ನು ಆಚೆ ದಡಕ್ಕೆ ಕಳಿಸಿ ಸ್ಟೀಲ್ ತಟ್ಟೆ ಬಡಿಸಿದೆ. ಸುಮಾರು ಒಂದು ಕಿಲೋಮೀಟರ್ ಇರಬಹುದು. ಮಧ್ಯಾಹ್ನ ಗಾಳಿಗೆ ಏನೂ ಕೇಳಲಿಲ್ಲ. ಗಾಳಿ ನಿಂತ ರಾತ್ರಿ ಒಂಬತ್ತಕ್ಕೆ ತಟ್ಟೆಯೂ ಕೇಳಿತು, ಅವನು ನನಗೆ ಬೈದದ್ದೂ ಕೇಳಿತು. ನೀರಿನ ಮೇಲಿನ ಗಾಳಿ ತಣ್ಣಗಿದ್ದು ಅದರ ಮೇಲಿನದು ಬೆಚ್ಚಗಿದ್ದರೆ ಸದ್ದು ಮೇಲೆ ಹೋಗದೆ ಬಾಗಿ ಕೆಳಗೇ ಬರುತ್ತದಂತೆ. ನನಗೆ ಬೇಕಾದದ್ದು ಬೇರೆ. ಜಗಳ ಯಾವ ದಡದಲ್ಲಿ ಅಂತ ಕೇಳಿದವನಿಗೇ ಗೊತ್ತಾಗಲ್ಲ! ಅದಕ್ಕೊಂದು ಪೂರ್ತಿ ಅಧ್ಯಾಯ ಕೊಟ್ಟಿದ್ದೇನೆ.

ಪೊಲೀಸ್ ಕೆಲಸ ಪತ್ತೇದಾರಿ ಬರೆಯುವ ನಿಮಗೆಲ್ಲ ಗೊತ್ತಿರುವುದೇ. ಒಂದು ಎಚ್ಚರಿಕೆ ಮಾತ್ರ. 2024ರ ಜುಲೈ 1ರಿಂದ ಕೊಲೆಗೆ ಹಳೇ ಐಪಿಸಿಯ ಕಲಂ 302 ಇಲ್ಲ, ಭಾರತೀಯ ನ್ಯಾಯ ಸಂಹಿತೆಯ 103. ಅಸಹಜ ಸಾವಿನ ವಿಚಾರಣೆಗೆ ಹಳೇ 174ರ ಜಾಗದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 194. ನಾನು ಸರಿಯಾಗಿಯೇ ಬರೆದಿದ್ದೆ. ಕರಡು ತಿದ್ದಿದವರು "ಕೊಲೆಗೆ 302 ಅಂತ ಮಕ್ಕಳಿಗೂ ಗೊತ್ತು" ಅಂತ ಎಲ್ಲ ಕಡೆ 302 ಮಾಡಿಬಿಟ್ಟರು. ಪ್ರತಿಗಳ ಮೊದಲ ಕಂತು ಅಚ್ಚಾಗಿ ಬಂದ ಮೇಲೆ ಕಣ್ಣಿಗೆ ಬಿತ್ತು. ಇನ್ನು ಡಯಾಟಮ್ ಪರೀಕ್ಷೆ. ಡಯಾಟಮ್ ಅಂದರೆ ನೀರಿನಲ್ಲಿರುವ, ಬರಿಗಣ್ಣಿಗೆ ಕಾಣದ ಪಾಚಿ. ಬದುಕಿರುವಾಗ ಮುಳುಗಿದವನ ಮೂಳೆಯ ಮಜ್ಜೆಗೆ ನೀರಿನ ಡಯಾಟಮ್ ಹೋಗಿ ಸೇರುತ್ತವೆ ಅನ್ನುವ ಲೆಕ್ಕ ಅದು. ಅದನ್ನೇ ಬ್ರಹ್ಮಾಸ್ತ್ರ ಮಾಡಿಕೊಳ್ಳಬೇಡಿ. ತಜ್ಞರಲ್ಲೇ ಒಮ್ಮತ ಇಲ್ಲ. ನನ್ನ ಇನ್ಸ್‌ಪೆಕ್ಟರ್ ವರದಿಯನ್ನು ಪಕ್ಕಕ್ಕಿಟ್ಟು ಡಬ್ಬದ ಪುಸ್ತಕ ನೋಡುತ್ತಾನೆ.

ಈಗ ದುಡ್ಡಿನ ಮಾತು. ಹಿಂದಿನ ಪುಸ್ತಕಕ್ಕೆ ನಗರದ ಒಬ್ಬ ವಿತರಕರಿಗೆ ಇನ್ನೂರು ಪ್ರತಿ ಕೊಟ್ಟಿದ್ದೆ. ದುಡ್ಡೂ ಇಲ್ಲ, ಪುಸ್ತಕವೂ ಇಲ್ಲ, ಈಗ ಫೋನೂ ಎತ್ತಲ್ಲ. ಈ ಸಲ ಯಾರಿಗೂ ಕೈಯೊಡ್ಡದೆ ನಾನೇ ಅಚ್ಚು ಹಾಕಿಸಿದೆ. ಇನ್ನೂರ ಇಪ್ಪತ್ತು ಪುಟ, ಆರುನೂರು ಪ್ರತಿ. ಡಿಟಿಪಿ, ಮುಖಪುಟ, ಕಾಗದ, ಅಚ್ಚು ಎಲ್ಲ ಸೇರಿ ಎಪ್ಪತ್ತೈದು ಸಾವಿರದ ಹತ್ತಿರ. ಬೆಲೆ 220 ರೂಪಾಯಿ. ಪ್ರಕಟಣಪೂರ್ವ 160ಕ್ಕೆ ಕೊಟ್ಟಾಗ ಇನ್ನೂರರಷ್ಟು ಹೋದವು, ಅಂದರೆ ಅಚ್ಚಿನ ಮೊದಲೇ ಮೂವತ್ತು ಸಾವಿರ ಕೈಗೆ ಬಂತು. ಪುಸ್ತಕದಂಗಡಿಗಳು ಶೇಕಡಾ 40 ಕೇಳುತ್ತವೆ, ಅಲ್ಲಿ ನೂರು ಹೋಗಿರಬಹುದು. ನನ್ನ ಉಪಾಯ ಬೇರೆ ಇತ್ತು. ಅಡಿಕೆ ಮಂಡಿ ಪಕ್ಕದ ಜೆರಾಕ್ಸ್ ಅಂಗಡಿ, ಸೇತುವೆ ಹತ್ತಿರದ ಒಂದು ಚಾ ಅಂಗಡಿ. ಸಿಗಂದೂರಿಗೆ ಬರುವವರು ಸೇತುವೆ ನೋಡಲು ನಿಲ್ಲುತ್ತಾರೆ, ಚಾ ಕುಡಿಯುತ್ತಾರೆ. ಮೇಜಿನ ಮೇಲೆ ಮುಖಪುಟದಲ್ಲಿ ಅದೇ ನೀರು, ಅದೇ ಲಾಂಚ್. ಚಾ ಅಂಗಡಿಯವರಿಗೆ ಪ್ರತಿಗೆ ಇಪ್ಪತ್ತು ರೂಪಾಯಿ. ದೀಪಾವಳಿಯಿಂದ ಸಂಕ್ರಾಂತಿ ಒಳಗೆ ಆ ಒಂದು ಮೇಜಿನಿಂದ ನೂರರ ಮೇಲೆ ಹೋಯಿತು. ಯಾವ ನಗರದ ಅಂಗಡಿಯೂ ನನಗೆ ಅಷ್ಟು ಮಾರಿಕೊಟ್ಟಿಲ್ಲ. ಎಲ್ಲ ಕಳೆದು ಹತ್ತು ಹನ್ನೆರಡು ಸಾವಿರ ಉಳಿದಿದೆ. ಗೂಟಕ್ಕೆ ಓಡಾಡಿದ ಪೆಟ್ರೋಲ್ ಲೆಕ್ಕ ಹಾಕಿಲ್ಲ, ಹಾಕುವುದೂ ಇಲ್ಲ.

ಮೊದಲು ನಕ್ಕ ಸಂಪಾದಕರು ಈಗ ಧಾರಾವಾಹಿಗೆ ಒಂದು ಕೊಡಿ ಅಂದಿದ್ದಾರೆ. ಕೊಡುತ್ತೇನೆ, ಸಂಭಾವನೆ ಮೊದಲು ಮಾತಾಡಿಕೊಂಡು. ಈ ಸಲ ಕಥೆ 1940ರ ದಶಕದ ಹಿರೇಭಾಸ್ಕರ ಅಣೆಕಟ್ಟಿನ ಸುತ್ತ. ಲಿಂಗನಮಕ್ಕಿಯ ನೀರಲ್ಲಿ ಮುಳುಗಿ, ಬೇಸಿಗೆಯಲ್ಲಿ ಬೆನ್ನು ತೋರಿಸುವ ಅಣೆಕಟ್ಟು ಅದು. ನೋಡಲು ಬರುವವರು ಜಾಸ್ತಿಯಾಗಿದ್ದಾರೆ, ಫೋಟೋ ಬೇರೆ ತೆಗೆಯುತ್ತಾರೆ. ಎಲ್ಲರ ಫೋಟೋದಲ್ಲೂ ತಾರೀಖು ಇರುತ್ತದೆ, ಹಿಂದುಗಡೆ ನೀರಿನ ಮಟ್ಟವೂ ಇರುತ್ತದೆ. ಇವೆರಡೂ ತಾಳೆಯಾಗದ ಒಂದು ಫೋಟೋ ಸಿಕ್ಕರೆ? ಇಷ್ಟು ಹೇಳಿದ್ದೇ ಜಾಸ್ತಿಯಾಯಿತು.

ಈಗಿನ ಪುಸ್ತಕದ ಎಪ್ಪತ್ತು ಎಂಬತ್ತು ಪ್ರತಿ ಇನ್ನೂ ಅಟ್ಟದ ಮೇಲಿವೆ. ಅದರಲ್ಲಿ ಒಂದು ಕಟ್ಟು 302 ಅಂತಲೇ ಅಚ್ಚಾದವು. ಅವನ್ನು ನೂರು ರೂಪಾಯಿಗೆ ಕೊಡುತ್ತಿದ್ದೇನೆ, ಪೆನ್ನಿನಲ್ಲಿ ತಿದ್ದಿ, ಪಕ್ಕದಲ್ಲಿ ಸಹಿ ಹಾಕಿ.