ದೂರದ ಉತ್ತರದಲ್ಲಿದ್ದುಕೊಂಡೇ ರಾಷ್ಟ್ರಮಟ್ಟದ ಕರ್ಲಿಂಗ್ ಆಡುವುದು ಹೇಗೆ

ಕೆನಡಾದ ಉತ್ತರದ ಮೂರು ಟೆರಿಟರಿಗಳಾದ ಯೂಕಾನ್, ನಾರ್ತ್‌ವೆಸ್ಟ್ ಟೆರಿಟರೀಸ್ ಮತ್ತು ನೂನಾವುಟ್‌ನ ಕರ್ಲಿಂಗ್ ಆಟಗಾರರಿಗೆ ರಾಷ್ಟ್ರೀಯ ಪಂದ್ಯಾವಳಿಯ ಬಾಗಿಲು ತೆರೆದೇ ಇದೆ. ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಬ್ರೈಯರ್‌ಗೂ ಮಹಿಳೆಯರದಾದ ಸ್ಕಾಟೀಸ್‌ಗೂ ಕರ್ಲಿಂಗ್ ಕೆನಡಾದ 14 ಸದಸ್ಯ ಸಂಘಗಳು ತಮ್ಮ ಚಾಂಪಿಯನ್ ತಂಡವನ್ನು ಕಳಿಸುತ್ತವೆ. ಅದರಲ್ಲಿ ಈ ಮೂರಕ್ಕೂ ಒಂದೊಂದು ಜಾಗ ಉಂಟು. ದಕ್ಷಿಣದ ಆಲ್ಬರ್ಟಾ ಪ್ರಾಂತ್ಯದಲ್ಲಿ ಆ ಜಾಗಕ್ಕೆ ವಿಶ್ವಮಟ್ಟದ ತಂಡಗಳು ಬಡಿದಾಡಿದರೆ ಇಲ್ಲಿ ಸ್ಪರ್ಧಿಸುವ ತಂಡಗಳು ಬೆರಳೆಣಿಕೆಯಷ್ಟು. ಕಷ್ಟ ಶುರುವಾಗುವುದು ಒಳಗೆ ಹೋದ ಮೇಲೆ. ಚಳಿಗಾಲವಿಡೀ ಅದೇ ನಾಲ್ಕಾರು ಎದುರಾಳಿಗಳು, ಅದೇ ಕ್ಲಬ್ಬಿನ ಐಸ್. ಆದ್ದರಿಂದ ಒಬ್ಬರೇ ಕಲಿಯಬಹುದಾದದ್ದನ್ನೆಲ್ಲ ಊರಲ್ಲೇ ಕಲಿತುಬಿಡಬೇಕು; ಎದುರಾಳಿ ಇಲ್ಲದೆ ಬಾರದ ವಿದ್ಯೆಗೆ ಮಾತ್ರ ಪ್ರಯಾಣದ ದುಡ್ಡು ಸುರಿಯಬೇಕು.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ತಂಡಕ್ಕೆ ನಾಲ್ವರು, ಒಬ್ಬೊಬ್ಬರಿಗೆ ಎರಡು ಕಲ್ಲು. ಸುಮಾರು 45 ಮೀಟರ್ ಉದ್ದದ ಐಸ್ ಮೇಲೆ 17ರಿಂದ 20 ಕಿಲೋ ತೂಗುವ ಗ್ರಾನೈಟ್ ಕಲ್ಲನ್ನು ಜಾರಿಸಿ, ಆಚೆ ತುದಿಯ 12 ಅಡಿ ವ್ಯಾಸದ ವೃತ್ತದ ನಡುವಿಗೆ ಹತ್ತಿರ ನಿಲ್ಲಿಸಬೇಕು. ಎರಡೂ ತಂಡ ಎಂಟೆಂಟು ಕಲ್ಲು ಬಿಟ್ಟರೆ ಒಂದು ಎಂಡ್; ದೊಡ್ಡ ಪಂದ್ಯಕ್ಕೆ ಹತ್ತು ಎಂಡ್.

ಒಬ್ಬರೇ ಪಳಗಬಹುದಾದ ಹೊಡೆತಗಳಲ್ಲಿ ಮೊದಲನೆಯದು ಡ್ರಾ, ಅಂದರೆ ಬೇರೆ ಕಲ್ಲಿಗೆ ತಾಗಿಸದೆ ವೃತ್ತದೊಳಗೆ ನಿಲ್ಲಿಸುವುದು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪಂದ್ಯಕ್ಕೆ ಮುಂಚೆ ಪ್ರತಿ ತಂಡವೂ ಬಲಸುತ್ತಿನದೊಂದು (ಗಡಿಯಾರದ ಮುಳ್ಳಿನಂತೆ ತಿರುಗುವುದು), ಎಡಸುತ್ತಿನದೊಂದು (ಅದಕ್ಕೆ ಎದುರಾಗಿ ತಿರುಗುವುದು) ಕಲ್ಲು ಬಿಡುತ್ತದೆ. ನಡುಬಿಂದುವಿನಿಂದ ಒಟ್ಟು ದೂರ ಕಡಿಮೆ ಇರುವ ತಂಡಕ್ಕೆ ಮೊದಲ ಎಂಡಿನಲ್ಲಿ ಕೊನೆಯ ಕಲ್ಲಿನ ಅನುಕೂಲ ಸಿಗುತ್ತದೆ. ಇಷ್ಟು ಬೆಲೆಯುಳ್ಳ ಹೊಡೆತಕ್ಕೆ ಎದುರಾಳಿಯೇ ಬೇಡ ಎಂಬುದು ಉತ್ತರದವರ ದೊಡ್ಡ ಭಾಗ್ಯ.

ಅಭ್ಯಾಸ ಹೀಗಿರಲಿ. ಮೊದಲು ಕಲ್ಲಿಲ್ಲದೆ ಆರೆಂಟು ಸಲ ಜಾರಿ ಮೈ ಬಿಸಿ ಮಾಡಿಕೊಳ್ಳಿ. ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ, ಹಿಂಗೆರೆ (ಈಚೆ ತುದಿಯ ವೃತ್ತದ ಹಿಂಬದಿಗೆ ತಾಗುವ ಗೆರೆ) ಮತ್ತು ಹಾಗ್ ಗೆರೆ (ಅದನ್ನು ಮುಟ್ಟುವ ಮುಂಚೆ ಕಲ್ಲನ್ನು ಕೈಬಿಡಬೇಕಾದ ಗೆರೆ) ಎರಡೂ ಕಾಣುವಂತೆ ಪಕ್ಕದಲ್ಲಿ ನಿಲ್ಲಿಸಿ. ಬಳಿಕ 16 ಡ್ರಾ, ಒಂದು ಬಲಸುತ್ತು ಒಂದು ಎಡಸುತ್ತು. ಎರಡು ಗೆರೆಗಳ ನಡುವಿನ 27 ಅಡಿಯನ್ನು ಕಲ್ಲು ದಾಟಿದ ಸಮಯವನ್ನು ವಿಡಿಯೊದಿಂದ ತೆಗೆಯಿರಿ. ಸೆಕೆಂಡಿಗೆ 30 ಚಿತ್ರ ತೆಗೆಯುವ ಸಾಮಾನ್ಯ ವಿಡಿಯೊ ಸಾಕು. ಕಲ್ಲಿನ ನಂಬರು, ಸುತ್ತು, ಸಮಯ, ನಡುಬಿಂದುವಿಗಿಂತ ಎಷ್ಟು ಅಡಿ ಹಿಂದೆ ಅಥವಾ ಮುಂದೆ ನಿಂತಿತು, ಇವಿಷ್ಟನ್ನೂ ಬರೆದಿಡಿ. ಸೆಕೆಂಡಿನ ಹತ್ತನೇ ಒಂದು ಭಾಗ ವ್ಯತ್ಯಾಸವಾದರೆ ಕಲ್ಲು ನಿಲ್ಲುವ ಜಾಗ ಸುಮಾರು ಆರು ಅಡಿ ಆಚೀಚೆಯಾಗುತ್ತದೆ.

ಸಮಯ ಒಂದೇ ಇದ್ದು ಕಲ್ಲು ಬೇರೆ ಬೇರೆ ಕಡೆ ನಿಲ್ಲುತ್ತಿದ್ದರೆ ಮೊದಲು ಕೈಯನ್ನು ಅನುಮಾನಿಸಿ. ಬಿಡುವ ಗಳಿಗೆಯಲ್ಲಿ ಮೊಣಕೈ ಚಾಚಿ ತಳ್ಳಿದರೆ ಆ ತಳ್ಳುವಿಕೆ ಬಹುಪಾಲು ಅಳತೆಗೆ ಸಿಗುವುದೇ ಇಲ್ಲ, ಕಲ್ಲು ಮಾತ್ರ ಉದ್ದ ಹೋಗುತ್ತದೆ. ಕೈ ಸರಿಯಿದ್ದರೆ ಕಲ್ಲುಗಳದ್ದೇ ವ್ಯತ್ಯಾಸ. ನಂಬರು ನೋಡಿದರೆ ಗೊತ್ತಾಗುತ್ತದೆ. ಹಿಡಿಯನ್ನು ಗಡಿಯಾರದ ಹತ್ತು ಅಥವಾ ಎರಡರ ದಿಕ್ಕಿನಿಂದ ಹನ್ನೆರಡಕ್ಕೆ ತಂದು ಬಿಡಿ. ನಿಲ್ಲುವಷ್ಟರಲ್ಲಿ ಕಲ್ಲು ಎರಡೂವರೆಯಿಂದ ನಾಲ್ಕು ಸುತ್ತು ತಿರುಗಬೇಕು. ಸುತ್ತು ತೀರಾ ಕಡಿಮೆಯಾದರೆ ಅದು ಎಲ್ಲಿಗೆ ಬಾಗುತ್ತದೆಂದು ಹೇಳಲಾಗದು, ತುಂಬ ಹೆಚ್ಚಾದರೆ ಬಾಗುವುದೇ ಇಲ್ಲ.

ಊರಲ್ಲಿ ಚೆನ್ನಾಗಿ ಆಡಿದ ತಂಡ ರಾಷ್ಟ್ರೀಯ ಟೂರ್ನಿಯ ಮೊದಲೆರಡು ಪಂದ್ಯದಲ್ಲಿ ಎಡವುವುದು ಐಸ್‌ನಿಂದ. ಒಂದು ಹಾಗ್ ಗೆರೆಯಿಂದ ಇನ್ನೊಂದಕ್ಕೆ 72 ಅಡಿ. ಡ್ರಾ ಕಲ್ಲು ಇದನ್ನು ನಿಧಾನ ಐಸ್‌ನಲ್ಲಿ 12–13 ಸೆಕೆಂಡಿನಲ್ಲಿ ದಾಟಿದರೆ, ದೊಡ್ಡ ಅರೀನಾದ ಐಸ್‌ನಲ್ಲಿ 14–15 ಸೆಕೆಂಡ್ ತೆಗೆದುಕೊಳ್ಳುತ್ತದೆ. ಸೆಕೆಂಡು ಹೆಚ್ಚಾದಷ್ಟೂ ಐಸ್ ಚುರುಕು ಎಂದರ್ಥ, ಏಕೆಂದರೆ ಅಲ್ಲಿ ಮೆತ್ತಗೆ ಬಿಟ್ಟ ಕಲ್ಲೂ ಆಚೆ ತುದಿ ಮುಟ್ಟುತ್ತದೆ. ಪಂದ್ಯದ ನಡುವೆಯೂ ಇದು ಬದಲಾಗುತ್ತದೆ: ಐಸ್ ಮೇಲೆ ಚಿಮುಕಿಸಿದ ನೀರಿನ ಹನಿ ಗಟ್ಟಿಯಾಗಿ ಆದ ಹರಳು ಮೊದಲೆರಡು ಎಂಡ್ ಸವೆದಂತೆ ಚುರುಕಾಗುತ್ತದೆ, ಪೂರ್ತಿ ಸವೆದರೆ ಮತ್ತೆ ನಿಧಾನ. ಹೀಗಾಗಿ ಮುಖ್ಯ ಟೂರ್ನಿಗೆ ಮುಂಚೆ ಒಂದಾದರೂ ಅರೀನಾ ಐಸ್‌ನ ಪಂದ್ಯಾವಳಿಗೆ ಹೋಗಿಬನ್ನಿ. ಹಣ ಎರಡೇ ಪ್ರಯಾಣಕ್ಕೆ ಸಾಲುವುದಾದರೆ ಬಹುಮಾನದ ಮೊತ್ತ ನೋಡಬೇಡಿ, ಖಾತ್ರಿಯಾಗಿ ಎಷ್ಟು ಪಂದ್ಯ ಸಿಗುತ್ತದೆ ಎಂದು ನೋಡಿ. ಮೂರು ಪಂದ್ಯ ಸೋತು ವಾಪಸಾಗುವ ನಾಕೌಟ್‌ಗಿಂತ ಐದು ಪಂದ್ಯ ಆಡಿಸುವ ಲೀಗ್ ಮೇಲು.

ನಾರ್ತ್‌ವೆಸ್ಟ್ ಟೆರಿಟರೀಸ್‌ನ ರಾಜಧಾನಿ ಯೆಲ್ಲೋನೈಫ್‌ನಿಂದ ಆಲ್ಬರ್ಟಾದ ಎಡ್ಮಂಟನ್‌ಗೆ ರಸ್ತೆಯಲ್ಲಿ 1,400 ಕಿ.ಮೀ.ಗೂ ಹೆಚ್ಚು. 2012ರಲ್ಲಿ ಮೆಕೆಂಜಿ ನದಿಗೆ ದೇ ಚೋ ಸೇತುವೆ ಆದಮೇಲೆ ವರ್ಷವಿಡೀ ದಾರಿ ಸಿಗುತ್ತದೆ. ನೂನಾವುಟ್‌ನ ರಾಜಧಾನಿ ಇಕಾಲುಯಿಟ್‌ಗೆ ಹೊರಗಿನಿಂದ ರಸ್ತೆಯೇ ಇಲ್ಲ, ವಿಮಾನವೇ ಗತಿ. ಹವಾಮಾನ ಕೆಟ್ಟರೆ ವಿಮಾನ ಹಾರುವುದಿಲ್ಲ, ಆದ್ದರಿಂದ ಒಂದಿಡೀ ದಿನ ಮುಂಚೆ ತಲುಪುವಂತೆ ಟಿಕೆಟ್ ಮಾಡಿಸಿ. ಬೂಟುಗಳನ್ನು ಲಗೇಜಿಗೆ ಹಾಕಬೇಡಿ, ಕೈಚೀಲದಲ್ಲಿರಲಿ. ಐಸ್ ಉಜ್ಜುವ ಬ್ರೂಮ್ ಯಾರಿಂದಲಾದರೂ ಎರವಲು ಸಿಗುತ್ತದೆ, ನಿಮ್ಮ ಕಾಲಿಗೆ ಹೊಂದಿದ, ಜಾರಲು ಬೂಟಿನ ಅಡಿಗಿರುವ ಟೆಫ್ಲಾನ್ ಸ್ಲೈಡರ್ ಸಿಗದು. ಜಾರದಂತೆ ಬೂಟಿನ ಅಡಿಗೆ ಹಾಕುವ ಗ್ರಿಪ್ಪರ್ ರಬ್ಬರನ್ನು ಉಗುರಿನಿಂದ ಕೆರೆದು ನೋಡಿ: ಪುಡಿ ಉದುರಿದರೆ ಅದನ್ನು ಆಗಲೇ ಎಸೆಯಿರಿ. ಐಸ್ ಮೇಲೆ ಬಿದ್ದ ಆ ಒಂದು ಚೂರು ಕಲ್ಲಿನ ಅಡಿಗೆ ಸಿಕ್ಕರೆ ಅದು ದಾರಿ ತಪ್ಪುತ್ತದೆ, ಚೆನ್ನಾಗಿ ಬಿಟ್ಟ ಹೊಡೆತವೂ ಹಾಳು.

ತಂಡ ಕಟ್ಟುವಾಗ ನಾಲ್ವರಲ್ಲಿ ಒಬ್ಬರನ್ನು ಹೊರಗಿನಿಂದ ತರಲು ನಿಯಮ ಒಪ್ಪುತ್ತದೆ. ದಕ್ಷಿಣದಲ್ಲಿ ವಾರವಾರ ಗಟ್ಟಿ ಪಂದ್ಯ ಆಡುವವರನ್ನೇ ಆರಿಸಿ. ಯೆಲ್ಲೋನೈಫ್‌ನ ಕೆರಿ ಗಲುಷಾ ತಂಡದಲ್ಲಿ ಒಂಟಾರಿಯೊದ ಜೋ-ಆನ್ ರಿಜ್ಜೊ ಕೊನೆಯ ಕಲ್ಲುಗಳನ್ನು ಬಿಡುತ್ತಿದ್ದರು, ಸ್ಕಿಪ್ (ತಂಡದ ನಾಯಕಿ) ಗಲುಷಾರೇ. ಕೆರಿಯ ಅಣ್ಣತಮ್ಮಂದಿರಲ್ಲಿ ಜೇಮಿ ಕೋ ಉತ್ತರಕ್ಕೇ ಆಡಿದರು. ಕೆವಿನ್ ಕೋ ಆಲ್ಬರ್ಟಾಗೆ ಹೋಗಿ ನಾಲ್ಕು ಬ್ರೈಯರ್, ಎರಡು ವಿಶ್ವ ಪ್ರಶಸ್ತಿ ಗೆದ್ದರು. ಒಂದೇ ಮನೆಯಲ್ಲಿ ಎರಡೂ ದಾರಿಗಳಿವೆ, ಎರಡೂ ಗೌರವದ್ದೇ. ಪ್ರಶಸ್ತಿಯೇ ಗುರಿಯಾದರೆ ಇಪ್ಪತ್ತರ ಆಸುಪಾಸಿನಲ್ಲೇ ದಕ್ಷಿಣಕ್ಕೆ ಹೋಗುವ ತೀರ್ಮಾನ ಒಳ್ಳೆಯದು. ಅದಕ್ಕೆ ಮುಂಚೆ ಆರ್ಕ್ಟಿಕ್ ವಿಂಟರ್ ಗೇಮ್ಸ್ ಮತ್ತು ಕೆನಡಾ ವಿಂಟರ್ ಗೇಮ್ಸ್‌ನಲ್ಲಿ ಆಡಿ ನಿಮ್ಮ ಮಟ್ಟ ನೋಡಿಕೊಳ್ಳಿ.

ನಾಲ್ವರನ್ನು ಹೊಂದಿಸಲಾಗದ ಸಣ್ಣ ಊರಿನವರು ಮಿಕ್ಸೆಡ್ ಡಬಲ್ಸ್ ಆಡಲಿ: ಒಬ್ಬ ಪುರುಷ, ಒಬ್ಬ ಮಹಿಳೆ, ಎಂಟು ಎಂಡ್, ಎಂಡಿಗೆ ಐದೈದು ಕಲ್ಲು. 2018ರಿಂದ ಇದು ಒಲಿಂಪಿಕ್ಸ್‌ನಲ್ಲೂ ಇದೆ, ವಿಮಾನದ ಖರ್ಚು ಅರ್ಧಕ್ಕೆ ಇಳಿಯುತ್ತದೆ.