ಅಕ್ಕನ ಕಾಲು ಬೇರೆ, ನನ್ನ ಕಾಲು ಬೇರೆ

ಚಾಮುಂಡಿ ಬೆಟ್ಟ ಹತ್ತುವಾಗ ಮೊದಲ ಇನ್ನೂರು ಮೆಟ್ಟಿಲು ನನ್ನದೇ. ಎರಡೆರಡು ಮೆಟ್ಟಿಲು ಹಾರಿಕೊಂಡು ಹೋಗುತ್ತೇನೆ, ಅಕ್ಕ ಕೆಳಗೆಲ್ಲೋ ಇರುತ್ತಾಳೆ. ನಂದಿ ಹತ್ತಿರ ಬರುವಷ್ಟರಲ್ಲಿ ನನ್ನ ತೊಡೆ ಉರಿಯುತ್ತಿರುತ್ತದೆ, ಅಷ್ಟೊತ್ತಿಗೆ ಅಕ್ಕ ಅದೇ ಹೆಜ್ಜೆ, ಅದೇ ಉಸಿರಲ್ಲಿ ಬಂದು "ಏನೇ, ನಿಂತುಬಿಟ್ಟೆ?" ಅಂತ ಕೇಳಿ ಮುಂದೆ ಹೋಗುತ್ತಾಳೆ. ಚಿಕ್ಕಂದಿನಿಂದಲೂ ಹೀಗೇ. ಒಂದೇ ಅಪ್ಪ ಅಮ್ಮ, ಒಂದೇ ಮನೆಯ ಮುದ್ದೆ ಸಾರು. ಶಾಲೆಯಲ್ಲಿ ನಾನು ಖೋ ಖೋ ಮತ್ತು 100 ಮೀಟರ್, ಅವಳು 1500.

ನಲವತ್ತು ದಾಟಿದ ಮೇಲೆ ಇಬ್ಬರೂ 10 ಕಿ.ಮೀ. ಓಟಕ್ಕೆ ತಯಾರಿ ಶುರು ಮಾಡಿದೆವು. ಪ್ಲ್ಯಾನ್ ಒಂದೇ. ವಾರಕ್ಕೆ ನಾಲ್ಕು ದಿನ ಕುಕ್ಕರಹಳ್ಳಿ ಕೆರೆ ಸುತ್ತ ನಿಧಾನದ ಓಟ, ಅದರಲ್ಲಿ ಭಾನುವಾರದ್ದು ಉದ್ದ. ನಾಲ್ಕು ತಿಂಗಳಲ್ಲಿ ಅಕ್ಕ 72 ನಿಮಿಷದಿಂದ 63ಕ್ಕೆ ಬಂದಳು. ನಾನು 74ರಿಂದ 73. ಜೊತೆಗೆ ಮಂಡಿ ನೋವು. ನಾನೇ ಸರಿಯಾಗಿ ಕಷ್ಟಪಡುತ್ತಿಲ್ಲ ಅಂತ ಎಷ್ಟು ದಿನ ನನ್ನನ್ನೇ ಬೈದುಕೊಂಡೆನೋ.

ಆಮೇಲೆ ಓದೋಕೆ ಕೂತೆ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಹೆರಿಟೇಜ್ ಅಧ್ಯಯನ ಸಿಕ್ಕಾಗ ನನ್ನ ಕಥೆಯನ್ನೇ ಯಾರೋ ಬರೆದ ಹಾಗಿತ್ತು. ವ್ಯಾಯಾಮದ ರೂಢಿ ಇಲ್ಲದ ಜನರನ್ನು ಕುಟುಂಬ ಸಮೇತ ಸೇರಿಸಿಕೊಂಡು, ಎಲ್ಲರಿಗೂ 20 ವಾರ ಒಂದೇ ತರಹ ಸೈಕಲ್ ತುಳಿಸಿದ್ದಾರೆ. ಕೆಲವರ ದೇಹ ಆಮ್ಲಜನಕ ಬಳಸುವ ಶಕ್ತಿ ನಿಮಿಷಕ್ಕೆ ಒಂದು ಲೀಟರ್‌ನಷ್ಟು ಏರಿದೆ, ಇನ್ನು ಕೆಲವರದ್ದು ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಈ ವ್ಯತ್ಯಾಸದಲ್ಲಿ ಅರ್ಧದ ಹತ್ತಿರ ಮನೆತನದಿಂದ ಬಂದದ್ದು ಅಂತ 1999ರಲ್ಲಿ ಲೆಕ್ಕ ಕೊಟ್ಟರು. ಓಡಬಲ್ಲ ಶಕ್ತಿ ಅಷ್ಟೇ ಅಲ್ಲ, ತರಬೇತಿಗೆ ದೇಹ ಎಷ್ಟು ಬಗ್ಗುತ್ತದೆ ಅನ್ನೋದೂ ಹುಟ್ಟಿನಿಂದ ಬರುತ್ತದೆ! ಅದನ್ನು ಓದಿದ ದಿನ ನಿಜವಾಗಿ ಮನಸ್ಸು ಹಗುರಾಯಿತು.

ಸ್ನಾಯುವಿನ ವಿಷಯ ಇಷ್ಟು. ನಮ್ಮ ಸ್ನಾಯುಗಳಲ್ಲಿ ನಿಧಾನದ ಎಳೆ, ವೇಗದ ಎಳೆ ಎರಡೂ ಬೆರೆತಿರುತ್ತವೆ. ನಿಧಾನದವು ಆಮ್ಲಜನಕ ಬಳಸಿ ಗಂಟೆಗಟ್ಟಲೆ ಕೆಲಸ ಮಾಡುತ್ತವೆ. ವೇಗದವು ಒಂದೇ ಏಟಿಗೆ ಜೋರು ಬಲ ಕೊಟ್ಟು ಬೇಗ ಸುಸ್ತಾಗುತ್ತವೆ. ಈ ಬೆರಕೆ ಒಬ್ಬೊಬ್ಬರಲ್ಲಿ ಒಂದೊಂದು ತರಹ.

ಆಗ ನನಗೂ ಅಕ್ಕನಿಗೂ ಜೀನ್ ಟೆಸ್ಟ್ ಮಾಡಿಸಿಬಿಟ್ಟೆ. ಸಣ್ಣ ಕೊಳವೆಗೆ ಎಂಜಲು ಉಗಿದು ಕಳಿಸಿದ್ದಷ್ಟೇ ಕೆಲಸ, ಖರ್ಚು ಮಾತ್ರ ಜಾಸ್ತಿ. ನಾನು ಕಾಯುತ್ತಿದ್ದದ್ದು ಎಸಿಟಿಎನ್3 ಅನ್ನುವ ಜೀನ್‌ಗೆ. ವೇಗದ ಎಳೆಗಳಲ್ಲಿರುವ ಒಂದು ಪ್ರೋಟೀನ್ ತಯಾರಾಗೋದು ಇದರಿಂದ. ಈ ಜೀನ್‌ನ ನಕಲಲ್ಲಿ ಆರ್, ಎಕ್ಸ್ ಅಂತ ಎರಡು ಬಗೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಆರ್ ಇದ್ದರೆ ಪ್ರೋಟೀನ್ ಆಗುತ್ತದೆ, ಎಕ್ಸ್‌ನಿಂದ ಆಗಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ಎಕ್ಸ್ ನಕಲು ಬಂದವರಲ್ಲಿ ಆ ಪ್ರೋಟೀನ್ ಇರುವುದೇ ಇಲ್ಲ, ಜಗತ್ತಿನಲ್ಲಿ ಸುಮಾರು ಐದು ಜನರಲ್ಲಿ ಒಬ್ಬರು ಹೀಗಿದ್ದಾರೆ, ಆರೋಗ್ಯಕ್ಕೇನೂ ತೊಂದರೆ ಇಲ್ಲ. ಆದರೆ ಉನ್ನತ ಮಟ್ಟದ ಸ್ಪ್ರಿಂಟರ್‌ಗಳಲ್ಲಿ ಅಂಥವರು ತೀರಾ ಕಡಿಮೆ ಅಂತ ಆಸ್ಟ್ರೇಲಿಯಾದವರು 2003ರಲ್ಲಿ ತೋರಿಸಿದರು. ನನಗೆ ಆರ್‌ಆರ್, ಅಕ್ಕನಿಗೆ ಎಕ್ಸ್‌ಎಕ್ಸ್ ಬರುತ್ತದೆ ಅಂತ ನಾನು ಖಚಿತವಾಗಿ ನಂಬಿದ್ದೆ.

ಇಬ್ಬರಿಗೂ ಬಂದದ್ದು ಆರ್‌ಎಕ್ಸ್.

ಅಕ್ಷರ ಕೂಡ ವ್ಯತ್ಯಾಸ ಇಲ್ಲ. ಓಟಕ್ಕೆ ಸಂಬಂಧಪಟ್ಟ ಜೀನ್‌ಗಳು ನೂರಾರು ಇವೆ, ಒಂದೊಂದರ ಪಾಲು ಚೂರು ಚೂರು, ಅಕ್ಕ ತಂಗಿ ಅಂದರೂ ಅವು ಬೇರೆ ಬೇರೆ ತರಹ ಹಂಚಿಹೋಗಿರುತ್ತವೆ. ಫಿನ್ಲೆಂಡಿನ ಸ್ಕೀ ಆಟಗಾರ ಈರೊ ಮಾಂಟಿರಾಂಟಾ ಅವರಿಗೆ ಒಂದೇ ಜೀನ್‌ನ ಬದಲಾವಣೆಯಿಂದ ಕೆಂಪು ರಕ್ತಕಣ ವಿಪರೀತ ಇತ್ತು, ಅವರು ಒಲಿಂಪಿಕ್ಸ್‌ನಲ್ಲಿ 7 ಪದಕ ಗೆದ್ದರು. ಅಂಥದ್ದು ಅಪರೂಪದಲ್ಲಿ ಅಪರೂಪ. ನಮ್ಮಂಥವರು ಈ ಟೆಸ್ಟಿಗೆ ದುಡ್ಡು ಹಾಕೋದು ಬೇಡ ಅಂತಲೇ ನಾನು ಹೇಳುತ್ತೇನೆ.

ನನಗೆ ನಿಜವಾಗಿ ದಾರಿ ತೋರಿಸಿದ್ದು ಜಿಮ್ಮಿನ ಲೆಗ್ ಪ್ರೆಸ್, ಅಂದರೆ ಕೂತು ಕಾಲಿನಿಂದ ಭಾರ ತಳ್ಳುವ ಯಂತ್ರ. ಒಂದು ಸಲ ಮಾತ್ರ ಎತ್ತಬಲ್ಲ ತೂಕ ಎಷ್ಟು ಅಂತ ಕೋಚ್ ಮೊದಲು ನೋಡಿದರು. ನನ್ನದು 100 ಕೆ.ಜಿ., ಅಕ್ಕನದು 80. ಎರಡು ದಿನ ಬಿಟ್ಟು ಅದರ ಶೇ. 80ರಷ್ಟು ತೂಕ ಇಟ್ಟು ಎಷ್ಟು ಸಲ ಆಗುತ್ತೋ ಅಷ್ಟು ಮಾಡಿ ಅಂದರು. ನಾನು ಆರನೇ ಸಲ ತಳ್ಳಿದೆ, ಏಳಕ್ಕೆ ಕಾಲು ಗಡಗಡ ನಡುಗಿ ಪ್ಲೇಟು ಅರ್ಧದಲ್ಲೇ ನಿಂತಿತು. ಅಕ್ಕ ತನ್ನ 64 ಕೆ.ಜಿ.ಯನ್ನು ಹದಿನೇಳು ಸಲ ತಳ್ಳಿದಳು. ಬೇಗ ಸುಸ್ತಾದ ನನ್ನಲ್ಲಿ ವೇಗದ ಎಳೆ ಜಾಸ್ತಿ, ಅವಳಲ್ಲಿ ನಿಧಾನದವು ಜಾಸ್ತಿ ಇರಬಹುದು ಅನ್ನೋದು ಇದರಿಂದ ಸಿಕ್ಕ ಅಂದಾಜು. ನಿಂತಲ್ಲಿಂದ ಉದ್ದ ಜಿಗಿದಾಗ ಮಾತ್ರ ನಾನು ಅವಳಿಗಿಂತ ಒಂದೂವರೆ ಅಡಿ ಮುಂದೆ. ಎಳೆಗಳ ಸರಿಯಾದ ಲೆಕ್ಕ ಬೇಕಾದರೆ ತೊಡೆಯಿಂದ ಚೂರು ಸ್ನಾಯು ತೆಗೆದು ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಆದರೆ ನನ್ನ ತರಬೇತಿ ಬದಲಿಸಿಕೊಳ್ಳೋಕೆ ಈ ಅಂದಾಜು ಸಾಕಾಯಿತು.

ನಿಧಾನದ ಓಟ ವಾರಕ್ಕೆ ಎರಡು ದಿನಕ್ಕೆ ಇಳಿಸಿದೆ. ಒಂದು ದಿನ 400 ಮೀಟರ್ ಜೋರು ಓಟ, ಆರು ಸಲ, ಮಧ್ಯೆ ಪೂರ್ತಿ ಉಸಿರು ಬರುವವರೆಗೆ ನಡಿಗೆ. ಎರಡು ದಿನ ಸ್ಕ್ವಾಟ್ (ಭಾರ ಹೊತ್ತು ಕೂತು ಏಳೋದು), ಭಾರ ಜಾಸ್ತಿ, ಸಲ ಕಡಿಮೆ. ಭಾರ ಎತ್ತಿದ ಮಾರನೇ ದಿನ ಜೋರು ಓಟ ಇಲ್ಲ. ವಯಸ್ಸಾಗುತ್ತಾ ಮೊದಲು ಸೊರಗುವುದು ವೇಗದ ಎಳೆಗಳೇ, ಹಾಗಾಗಿ ಈ ಸ್ಕ್ವಾಟ್ ಅಕ್ಕನಿಗೂ ಹಚ್ಚಿದ್ದೇನೆ. ಆರು ತಿಂಗಳಿಗೆ ನಾನು 67 ನಿಮಿಷಕ್ಕೆ ಬಂದೆ. ಮಂಡಿ ನೋವೂ ಹೋಯಿತು.

ಹಾಗಂತ ನಿಧಾನದ ಓಟ ಪೂರ್ತಿ ಬಿಟ್ಟಿಲ್ಲ, ಅದಕ್ಕೂ ಕಾರಣ ಇದೆ. ಒಂದೇ ಜೀನ್‌ಗಳ ಅವಳಿ ಸಹೋದರರ ಮೇಲೆ 2018ರಲ್ಲಿ ಒಂದು ವರದಿ ಬಂತು. ಒಬ್ಬರು 30 ವರ್ಷ ಓಡಿದವರು, ಇನ್ನೊಬ್ಬರು ಓಡದವರು. ಓಡಿದವರ ತೊಡೆಯಲ್ಲಿ ನಿಧಾನದ ಎಳೆ ಶೇ. 90ಕ್ಕೂ ಜಾಸ್ತಿ, ಓಡದವರಲ್ಲಿ ಶೇ. 40ರ ಆಸುಪಾಸು. ಮೂವತ್ತು ವರ್ಷ ಬಿಡದೆ ಓಡಿದರೆ ಸ್ನಾಯುವೇ ಇಷ್ಟು ಬದಲಾಗುತ್ತದೆ ಅಂದಮೇಲೆ ಬಿಡೋಕೆ ಮನಸ್ಸು ಹೇಗೆ ಬರುತ್ತೆ, ಅಲ್ವಾ?

ಮಗಳಿಗೆ ಈಗ ಹನ್ನೆರಡು. ಅವಳಿಗೂ ಟೆಸ್ಟ್ ಮಾಡಿಸು, ಯಾವ ಆಟ ಅಂತ ಈಗಲೇ ಗೊತ್ತಾಗಲಿ ಅಂತ ಮನೆಯಲ್ಲಿ ಹೇಳುತ್ತಿರುತ್ತಾರೆ. ನಾನು ಮಾಡಿಸಿಲ್ಲ. ಅವಳು ಸದ್ಯಕ್ಕೆ ಖೋ ಖೋ ಆಡುತ್ತಾಳೆ, ಈಜುತ್ತಾಳೆ, ಭಾನುವಾರ ದೊಡ್ಡಮ್ಮನ ಜೊತೆ ಬೆಟ್ಟ ಹತ್ತುತ್ತಾಳೆ.