ಮಳೆಗಾಲದಲ್ಲಿ ಜೋತುಬಿದ್ದ ಕಾಗದದ ಗುಲಾಬಿ

ಚಿಕ್ಕಮಗಳೂರಿನ ಜುಲೈ ತಿಂಗಳ ಜಡಿಮಳೆಯಲ್ಲಿ, ನಾನು ಕ್ರೇಪ್ ಕಾಗದದಿಂದ ಮಾಡಿದ ಗುಲಾಬಿಗಳ ಎಸಳುಗಳು ಎರಡೇ ದಿನಕ್ಕೆ ಜೋತುಬೀಳುತ್ತಿದ್ದವು. ಮೈದಾ ಅಂಟು ಹಚ್ಚಿದ ಕಡೆ ಬೂಷ್ಟು ಹಿಡಿಯುತ್ತಿತ್ತು. ಕಾಗದದ ನಾರು ಗಾಳಿಯ ತೇವವನ್ನು ಹೀರಿ ಮೆತ್ತಗಾಗುವುದರಿಂದ, ಎಷ್ಟು ಬಿಗಿಯಾಗಿ ಕಟ್ಟಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಪಾಲಿಯೆಸ್ಟರ್ ಸ್ಯಾಟಿನ್ ರಿಬ್ಬನ್‌ನಿಂದ ಎಸಳುಗಳನ್ನು ಕತ್ತರಿಸತೊಡಗಿದೆ. ಆಗ ಅಂಚಿನ ಎಳೆಗಳು ಬಿಚ್ಚಿಕೊಳ್ಳುವ ಹೊಸ ತೊಂದರೆ ಎದುರಾಯಿತು. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ; ಆದ್ದರಿಂದ ಕತ್ತರಿಸಿದ ಅಂಚನ್ನು ಮೇಣದಬತ್ತಿಯ ಜ್ವಾಲೆಗೆ ತಾಗಿಸದೆ, ಅದರ ಪಕ್ಕದಲ್ಲಿ ಸರಕ್ಕನೆ ಹಾಯಿಸಿದರೆ ಎಳೆಗಳು ಒಂದಕ್ಕೊಂದು ಬೆಸೆದುಕೊಂಡು, ಅಂಚು ನಿಜವಾದ ಎಸಳಿನಂತೆಯೇ ತುಸು ಬಾಗುತ್ತದೆ. ಆ ಬಾಗು ಕಾಗದದಲ್ಲಿ ನನಗೆ ಎಂದೂ ದಕ್ಕಿರಲಿಲ್ಲ. ಹತ್ತಿ ಬಟ್ಟೆ ಕರಗದೆ ಉರಿದುಬಿಡುವುದರಿಂದ ಅದಕ್ಕೆ ಈ ಕ್ರಮ ಸಲ್ಲದು. ಅಂಟಿನ ಬದಲು ಹೂವಿನ ಬುಡವನ್ನು ಸೂಜಿದಾರದಿಂದ ಹೊಲಿದೆ. ಆಗಸ್ಟ್ ಮುಗಿಯುವವರೆಗೂ ಒಂದೆಸಳೂ ಬಾಗಿ ಬೀಳಲಿಲ್ಲ.